ಸೂಟಿಯ ದಿನ ಊರು ತೋರಿಸುವ ಬಸ್ಸು ಯಾವಾಗ ಸ್ವಾಮಿ?

ಬ್ಯಾಸಗಿ ಸೂಟಿ ಬಂತೆಂದರೆ ನಮ್ಮ ಕಲಬುರಗಿಯವರ ಬಾಯಲ್ಲಿ ಒಂದೇ ಜಪ: ಸಮುದ್ರ. ಗೋವಾಕ್ಕೆ ಹೋಗೋಣ, ಕಾರವಾರಕ್ಕೆ ಹೋಗೋಣ, ಮಲ್ಪೆಗೆ ಹೋಗೋಣ. ತಪ್ಪೇನಿಲ್ಲ ಬಿಡ್ರಿ. ಏಪ್ರಿಲ್, ಮೇ ತಿಂಗಳ 42-43 ಡಿಗ್ರಿ ಬಿಸಿಲಿಗೆ ಬೆಂದವನಿಗೆ ಅಷ್ಟು ನೀರು ಒಮ್ಮೆಲೇ ಕಂಡರೆ ಸ್ವರ್ಗ ಕಂಡಂತೆ. ಹೋಗಿ ಬರಲಿ. ಆದರೆ ಬಂದ ಮೇಲೆ ಅಲ್ಲಿಯ ಕೋಟೆ, ಅಲ್ಲಿಯ ಹಳೇ ಚರ್ಚು ಎಂದು ಫೋನಿನಲ್ಲಿ ಫೋಟೋ ತೋರಿಸುವವರನ್ನು, "ನಮ್ಮ ಕಿಲ್ಲಾ ನೋಡೀರೇನ್ರಿ?" ಎಂದು ಒಂದು ಮಾತು ಕೇಳಿ ನೋಡಿ. "ಕಿಲ್ಲೇದಾಗ ಏನದ ರೀ ನೋಡೋದು?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಏನದ ಎಂದು ಕೇಳಿದ ಮೇಲೆ ಹೇಳಲೇಬೇಕಲ್ಲ. ಹೇಳಿ, ಅದನ್ನು ಬಡವ-ಬಲ್ಲಿದ ಎಲ್ಲರೂ ನೋಡುವಂತೆ ಒಂದು ಬಸ್ಸು ಬಿಡಿ ಎಂದು ಕೇಳುವುದೇ ಇವತ್ತಿನ ನಮ್ಮ ಮಾತು.

ಕಿಲ್ಲೇದಾಗ ಇರೋದು

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಶಾ ದಿಲ್ಲಿಯ ಹಂಗು ಹರಿದುಕೊಂಡು ಹೊಸ ರಾಜ್ಯ ಕಟ್ಟಿದಾಗ ಅದರ ರಾಜಧಾನಿಯಾದದ್ದು ಈ ನಮ್ಮ ಊರು. ಮುಂದೆ ಅಹಮದ್ ಶಾ ರಾಜಧಾನಿಯನ್ನು ಬೀದರಕ್ಕೆ ಒಯ್ಯುವವರೆಗೆ, ಸುಮಾರು 80 ವರ್ಷ, ದಖ್ಖನ್ನಿನ ಹುಕುಮು ಹೊರಡುತ್ತಿದ್ದದ್ದು ಇಲ್ಲಿಂದಲೇ.

ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಕಟ್ಟಿಸಿದವನು ಇರಾನಿನ ಕಜ್ವೀನ್ ಮೂಲದ ರಫಿ ಎಂಬಾತ. ಸಾಮಾನ್ಯವಾಗಿ ದೊಡ್ಡ ಮಸೀದಿ ಎಂದರೆ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರಾ ಛಾವಣಿ. ನೆತ್ತಿಯ ಮೇಲೊಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಹತ್ತಾರು ಸಣ್ಣ ಗುಮ್ಮಟ. ಗಾಳಿ-ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ನಮ್ಮ ಬಿಸಿಲು ಎಂಥದೆಂಬುದು ಆ ಕಾಲದವರಿಗೂ ಗೊತ್ತಿದ್ದಂತೆ ಕಾಣುತ್ತದೆ. ಹೊರಗೆ ನೆಲ ಕಾದ ಹಂಚಾಗಿದ್ದಾಗ ಒಳಗೆ ಕಾಲಿಟ್ಟು ನೋಡಿ, ಆಮೇಲೆ ಮಾತಾಡೋಣ. ಎದುರಿಗೆ ಎದ್ದು ನಿಂತ ಬಾಲಾ ಹಿಸಾರ್ ಅದೆ. ಕೋಟೆಯ ಮೇಲೆ 29 ಅಡಿ ಉದ್ದ ಎಂದು ಹೇಳುವ ಉದ್ದನೆಯ ತೋಪು ಅದೆ.

ಇನ್ನು ಸಮುದ್ರದ ಮಾತು. ನಮ್ಮ ಊರಿಗೂ ಸಮುದ್ರಕ್ಕೂ ಏನು ಸಂಬಂಧ ಎನ್ನಬೇಡಿ. ಇಲ್ಲಿ ಆಳಿದ ಫಿರೋಜ್ ಶಾ ಗೋವಾ ಮತ್ತು ಚೌಲ್ ಬಂದರುಗಳಿಂದ ವರ್ಷಾವರ್ಷ ಹಡಗು ಕಳಿಸಿ ಹೊರದೇಶದ ಸರಕುಗಳ ಜೊತೆ ವಿದ್ವಾಂಸರನ್ನೂ ಕರೆಸುತ್ತಿದ್ದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಆಗ ಸಮುದ್ರದ ಕಡೆಯ ಜನ ಕಲಬುರಗಿ ನೋಡಲು ಬರುತ್ತಿದ್ದರು. ಈಗ ಕಲಬುರಗಿಯ ಜನ ಸಮುದ್ರ ನೋಡಲು ಹೋಗುತ್ತಾರೆ. ಹೋಗುವುದು ಸರಿ, ಬರುವವರ ಲೆಕ್ಕ ಮಾತ್ರ ಸೊನ್ನೆಯಾಗಬಾರದು.

ಒಂದೇ ಊರು, ನಾಲ್ಕು ದಾರಿ

ಕೋಟೆ ಬಿಟ್ಟು ದರ್ಗಾದ ಕಡೆ ಹೊರಟರೆ ಹಫ್ತ್ ಗುಂಬಜ್ ಸಿಗುತ್ತದೆ. ಬಹಮನಿ ಅರಸು ಮನೆತನದ ಸಮಾಧಿಗಳು. ಎಲ್ಲಕ್ಕಿಂತ ದೊಡ್ಡದು 1422ರಲ್ಲಿ ತೀರಿಕೊಂಡ ಅದೇ ಫಿರೋಜ್ ಶಾನದು. ಅದರ ಬಾಗಿಲ ಬಳಿಯ ಕಲ್ಲುಕೆಲಸ ನೋಡಿದರೆ ದೇವಸ್ಥಾನ ಕಟ್ಟಿದ ಕೈಗಳೇ ಇಲ್ಲಿಯೂ ದುಡಿದಿರಬೇಕು ಎನಿಸುತ್ತದೆ.

ಅದೇ 1422ರಲ್ಲಿ ತೀರಿಕೊಂಡ ಇನ್ನೊಬ್ಬರು ಖ್ವಾಜಾ ಬಂದೇ ನವಾಜರು. ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿ ಬಿಟ್ಟು ಹೊರಟು ನಮ್ಮ ಊರಿಗೆ ಬಂದು ನೆಲೆ ನಿಂತವರು. ರಾಜನ ಸಮಾಧಿಯಲ್ಲಿ ಪಾರಿವಾಳ, ಫಕೀರರ ಸಮಾಧಿಯಲ್ಲಿ ಜನಸಾಗರ. ಜಾತಿ-ಮತ ಕೇಳದೆ ಹೂವಿನ ಚಾದರ ಏರಿಸುವ ಜಾಗ ಅದು. ಉರುಸಿನ ಹೊತ್ತಿಗೆ ಎಷ್ಟು ಊರಿನ ಜನ ಬರುತ್ತಾರೆ ಎಂಬುದನ್ನು ದರ್ಗಾ ರಸ್ತೆಯ ಅಂಗಡಿಕಾರರಿಗೆ ನಾವು ಹೇಳಿಕೊಡಬೇಕಿಲ್ಲ.

ಆ ಕಡೆಗೆ ಶರಣಬಸವೇಶ್ವರರ ಗುಡಿ, ಪಕ್ಕದಲ್ಲಿ ಕೆರೆ. ದಾಸೋಹವೇ ದೇವರು ಎಂದು ಬಾಳಿದ ಶರಣರ ಜಾಗ. ಹೋಳಿ ಹುಣ್ಣಿಮೆಯಾದ ಮೇಲೆ ಬರುವ ಜಾತ್ರೆಗೆ ರೈತರು ಬಂಡಿ ಕಟ್ಟಿಕೊಂಡು ಬರುತ್ತಿದ್ದ ಕಾಲ ಹೋಗಿ ಟ್ರ್ಯಾಕ್ಟರ್ ಕಾಲ ಬಂದಿದೆ, ಭಕ್ತಿ ಮಾತ್ರ ಅದೇ ಇದೆ. ಇತ್ತ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಕಡೆ ಹೋದರೆ ಬುದ್ಧ ವಿಹಾರ. ಬಿಳಿ ಗುಮ್ಮಟ, ವಿಶಾಲ ಜಾಗ, ಸದ್ದಿಲ್ಲದ ಸಂಜೆ.

ಕೋಟೆ, ದರ್ಗಾ, ಗುಡಿ, ವಿಹಾರ. ಇಷ್ಟೂ ಒಂದೇ ಊರಿನಲ್ಲಿ, ಅರ್ಧ ದಿನದಲ್ಲಿ ನೋಡಿ ಮುಗಿಸಬಹುದಾದಷ್ಟು ಹತ್ತಿರ ಹತ್ತಿರ. 2014ರಲ್ಲಿ ಭಾರತ ಸರಕಾರ ಯುನೆಸ್ಕೋಗೆ ಕೊಟ್ಟ ತಾತ್ಕಾಲಿಕ ಪಟ್ಟಿಯಲ್ಲಿ ಕಲಬುರಗಿಯ ಬಹಮನಿ ಕಟ್ಟಡಗಳೂ ಸೇರಿವೆ. ಅಂದರೆ ಇವು ಜಗತ್ತಿಗೇ ತೋರಿಸುವ ಯೋಗ್ಯತೆಯವು ಎಂದು ನಾವೇ ಬರೆದುಕೊಟ್ಟಂತಾಯಿತು. ಜಗತ್ತಿಗೆ ಆಮೇಲೆ ತೋರಿಸೋಣ. ಮೊದಲು ಬ್ರಹ್ಮಪುರದ ಹುಡುಗನಿಗೆ, ಶಹಾಬಾದದಿಂದ ಬಟ್ಟೆ ಖರೀದಿಗೆ ಬಂದ ತಾಯಿಗೆ ತೋರಿಸೋಣ.

ಬಸ್ಸು ಅವ, ಆದರ...

ಊರಾಗ ಸಿಟಿ ಬಸ್ಸು ಇಲ್ಲೇನ್ರಿ ಎಂದು ಸಾರಿಗೆ ಸಂಸ್ಥೆಯವರು ಕೇಳಬಹುದು. ಅವ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿಯೇ ನಮ್ಮ ಊರಲ್ಲಿದೆ. ಆದರೆ ಸಿಟಿ ಬಸ್ಸು ಓಡುವುದು ಆಫೀಸಿಗೆ, ಕಾಲೇಜಿಗೆ, ಗಂಜಿಗೆ ಹೋಗುವವರ ಲೆಕ್ಕದಲ್ಲಿ. ಕಿಲ್ಲಾ ನೋಡಿ ದರ್ಗಾಕ್ಕೆ, ಅಲ್ಲಿಂದ ಗುಡಿಗೆ, ಗುಡಿಯಿಂದ ಬುದ್ಧ ವಿಹಾರಕ್ಕೆ ಹೋಗುವವನು ಪ್ರತಿ ಸಲವೂ ಇಳಿದು, ಹತ್ತಿ, ಕೇಳಿ, ಆಟೋದವರ ಜೊತೆ ಚೌಕಾಶಿ ಮಾಡಿ ಹೋಗಬೇಕು. ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ ಜೊತೆಗಿದ್ದರೆ ಮೂರನೇ ಜಾಗಕ್ಕೆ ಹೋಗುವ ಹೊತ್ತಿಗೆ ಜೀವ ಹೈರಾಣ, ಕಿಸೆಯೂ ಹೈರಾಣ. "ನಡೀರಿ ಮನೀಗೆ" ಎನ್ನುತ್ತಾರೆ. ನ್ಯಾಯವೇ.

ಆದ್ದರಿಂದ ನಾವು ಕೇಳುವುದಿಷ್ಟೇ. ಭಾನುವಾರ ಮತ್ತು ಸೂಟಿಯ ದಿನಗಳಲ್ಲಿ ಕೇಂದ್ರ ಬಸ್ ನಿಲ್ದಾಣದಿಂದ ಒಂದು ಸುತ್ತು ಬಸ್ಸು. ಕಿಲ್ಲಾದಲ್ಲಿ ಮುಕ್ಕಾಲು ಗಂಟೆ, ಹಫ್ತ್ ಗುಂಬಜ್‌ನಲ್ಲಿ ಅರ್ಧ ಗಂಟೆಯೊಳಗೆ, ದರ್ಗಾ, ಗುಡಿ, ಬುದ್ಧ ವಿಹಾರಗಳಲ್ಲಿ ಅರ್ಧರ್ಧ ಗಂಟೆ. ಓಡಾಟದ ಸಮಯ ಸೇರಿಸಿದರೂ ಮೂರೂವರೆ ಗಂಟೆಯ ಕೆಲಸ.

"ಈ ಬಿಸಿಲಾಗ ಯಾರು ಬರ್ತಾರ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಎಂದು ಬದಲಿಸುತ್ತಾರಲ್ಲ? ಫೈಲುಗಳಿಗೆ ಬಿಸಿಲು ತಾಗದಂತೆ ವೇಳೆ ಬದಲಿಸಬಹುದಾದರೆ ಬಸ್ಸಿನ ವೇಳೆಯನ್ನೂ ಬದಲಿಸಬಹುದು. ಬ್ಯಾಸಗಿಯಲ್ಲಿ ಬೆಳಿಗ್ಗೆ 6-30ಕ್ಕೆ ಹೊರಟರೆ 10ಕ್ಕೆ ವಾಪಸ್. ಚಳಿಗಾಲದಲ್ಲಿ 9ಕ್ಕೆ ಒಂದು, ಮಧ್ಯಾಹ್ನ 2ಕ್ಕೆ ಇನ್ನೊಂದು. ಇದಕ್ಕೆ ಹೊಸ ಬಸ್ಸು ಕೊಳ್ಳಬೇಕಿಲ್ಲ. ಭಾನುವಾರ ಆಫೀಸಿಲ್ಲ, ಕಾಲೇಜಿಲ್ಲ, ಆ ಹೊತ್ತಿಗೆ ಒಂದು ಗಾಡಿ ಬಿಡುವು ಮಾಡಿಕೊಡುವುದು ದೊಡ್ಡ ಮಾತಲ್ಲ.

ಇನ್ನೊಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ಹಣವಿಲ್ಲ. ಈ ಸುತ್ತು ಬಸ್ಸನ್ನು "ಪ್ಯಾಕೇಜು", "ಡೀಲಕ್ಸು" ಎಂದು ಹೆಸರಿಟ್ಟು ದುಬಾರಿ ಮಾಡದೆ ಸಾಮಾನ್ಯ ಬಸ್ಸಾಗಿಯೇ ಓಡಿಸಿದರೆ ಮನೆಮಂದಿಯ ಅರ್ಧ ಖರ್ಚು ಅಲ್ಲೇ ಉಳಿಯಿತು.

ಗಲ್ಲಾದ ಲೆಕ್ಕ

ಅಂಗಡಿಕಾರ ಬಂಧುಗಳೆ, ಇದು ಬರೀ ಇತಿಹಾಸದ ಮಾತಲ್ಲ, ನಿಮ್ಮ ಗಲ್ಲಾದ ಮಾತೂ ಹೌದು. ನಮ್ಮ ಊರಿಗೆ ಜನ ಬರುವುದಿಲ್ಲವೆಂದಲ್ಲ. ಹೈಕೋರ್ಟು ಪೀಠಕ್ಕೆ ಬರುತ್ತಾರೆ, ದವಾಖಾನೆಗೆ ಬರುತ್ತಾರೆ, ಮಕ್ಕಳ ಕಾಲೇಜು ಸೀಟಿಗೆ ಬರುತ್ತಾರೆ. ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೊರಟ ಹೊರ ರಾಜ್ಯದವರು ನಮ್ಮ ಊರಿನಲ್ಲೇ ಗಾಡಿ ಬದಲಿಸುತ್ತಾರೆ. ಮುಂಬೈ-ಚೆನ್ನೈ ರೈಲು ದಾರಿಯಲ್ಲಿ ಇರುವ ಊರು ಇದು. 2019ರಿಂದ ವಿಮಾನ ನಿಲ್ದಾಣವೂ ಅದೆ. ಬಂದವರು ಕೆಲಸ ಮುಗಿಸಿ ಮುಂದಿನ ಗಾಡಿಗೆ ಹೋಗುತ್ತಾರೆ, ಯಾಕೆಂದರೆ ಉಳಿದ ನಾಲ್ಕು ತಾಸು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಕೈಬೆರಳ ಮೇಲೆ ಲೆಕ್ಕ ಹಾಕೋಣ. ಒಂದು ಬಸ್ಸಿಗೆ 40 ಜನ. ತಲೆಗೆ 150 ರೂಪಾಯಿ ಚಹಾ, ನಾಷ್ಟಾ, ತಹರಿ, ಶೇಂಗಾ ಹಿಂಡಿ, ಬಳೆ, ಆಟಿಕೆ ಎಂದು ಖರ್ಚು ಮಾಡಿದರೂ ಒಂದು ಸುತ್ತಿಗೆ 6,000. ದಿನಕ್ಕೆ ಎರಡು ಸುತ್ತು ಎಂದರೆ 12,000. ವರ್ಷದ 52 ಭಾನುವಾರಕ್ಕೆ 6,24,000 ರೂಪಾಯಿ. ಇದು ಒಂದೇ ಬಸ್ಸಿನ ಲೆಕ್ಕ. ಈ ದುಡ್ಡು ಯಾವ ದೊಡ್ಡ ಕಂಪನಿಗೂ ಹೋಗುವುದಿಲ್ಲ. ಚಹಾದ ಬಂಡಿಗೆ, ರೊಟ್ಟಿ ಖಾನಾವಳಿಗೆ, ಹೂವಿನವಳ ಬುಟ್ಟಿಗೆ ಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ನಿಮ್ಮ ಕಡೆಯಿಂದಲೂ ಎರಡು ಕೆಲಸ ಆಗಬೇಕು. ಒಂದು, ಕೋಟೆ-ಗುಮ್ಮಟಗಳ ಸುತ್ತ ಕಸ ಸುರಿಯುವುದು ನಿಲ್ಲಬೇಕು. ಎರಡು, ಪರಊರವನು ಎಂದು ಗೊತ್ತಾದ ಕೂಡಲೇ ಹತ್ತರ ಮಾಲಿಗೆ ಇಪ್ಪತ್ತು ಹೇಳುವುದು ನಿಲ್ಲಬೇಕು. ಒಮ್ಮೆ ಮೋಸ ಹೋದ ಗಿರಾಕಿ ತಾನೂ ಬರುವುದಿಲ್ಲ, ಹತ್ತು ಜನರನ್ನೂ ಬಿಡುವುದಿಲ್ಲ.

ಪಾಲಿಕೆಯ ಪುರಪಿತೃಗಳಿಗೂ ಒಂದು ಮನವಿ. ಬಸ್ಸು ನಿಲ್ಲುವ ಐದು ಜಾಗಗಳಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳು ಮುಜುಗರವಿಲ್ಲದೆ ಹೋಗಬಹುದಾದ ಶೌಚಾಲಯ, ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಇರುವ ಒಂದು ಬೋರ್ಡು. ಬೋರ್ಡಿನಲ್ಲಿ ಕಟ್ಟಿದವರ ಹೆಸರು, ಕಟ್ಟಿದ ಇಸವಿ, ನಾಲ್ಕು ಸಾಲು ವಿವರ ಇದ್ದರೆ ಸಾಕು, ಉದ್ಘಾಟಿಸಿದವರ ಹೆಸರು ಬೇಡ. ಕೋಟೆಯೊಳಗಿನ ಒತ್ತುವರಿಯ ವಿಚಾರ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಎಲ್ಲರಿಗೂ ಗೊತ್ತು. ಬಡವರಿಗೆ ಬೇರೆ ಸೂರು ಕೊಡುವುದು, ಕೋಟೆಯನ್ನು ಕಾಯುವುದು ಎರಡೂ ಸರಕಾರದ್ದೇ ಹೊಣೆ. ಆ ದೊಡ್ಡ ತಕರಾರು ಬಗೆಹರಿಯುವವರೆಗೆ ನೀರಿನ ನಲ್ಲಿ ಹಾಕಿಸಲು ಯಾರೂ ಅಡ್ಡಿ ಮಾಡುವುದಿಲ್ಲ. ಜನ ದಿನಾ ಹೋಗಿ ಬರುವ ಜಾಗದಲ್ಲಿ ಗೋಡೆಗೆ ಮೊಳೆ ಹೊಡೆಯುವವನಿಗೂ ಅಂಜಿಕೆ ಇರುತ್ತದೆ. ಯಾರೂ ಕಾಲಿಡದ ಗುಮ್ಮಟಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ.

ಕಮಲಾಪುರದ ಕೆಂಪು ಬಾಳೆ

ಸುತ್ತು ಬಸ್ಸು ಊರಲ್ಲಿ ನಿಂತು ಗಟ್ಟಿಯಾದರೆ ಎರಡನೇ ಹೆಜ್ಜೆ ಬೀದರ ರಸ್ತೆ. ಹುಮನಾಬಾದಿನ ದಾರಿ ಹಿಡಿದು ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಈಗ ಅದು ತಾಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅಂದರೆ ಆ ಹೆಸರಿನಲ್ಲಿ ಬೇರೆ ಊರಿನವರು ಹಣ್ಣು ಮಾರುವಂತಿಲ್ಲ. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣದ ಸಿಹಿ ತಿರುಳು. ಗೊನೆ ಬರಲು ಉಳಿದ ಬಾಳೆಗಿಂತ ಹೆಚ್ಚು ದಿನ ಬೇಕು, ಆದ್ದರಿಂದ ಬೆಲೆಯೂ ಹೆಚ್ಚು. ಶ್ರೀಮಂತರ ಹಣ್ಣು ಎಂಬ ಹೆಸರು ಅದಕ್ಕೇ ಬಂತು. ಬೆಳೆಯುವವನು ಮಾತ್ರ ಶ್ರೀಮಂತನಾಗಲಿಲ್ಲ ಎಂಬುದು ಬೇರೆ ಮಾತು. ಕಮಲಾಪುರ ಬಸ್ ನಿಲ್ದಾಣದಲ್ಲಿ ರೈತರೇ ಕೂತು ಮಾರುವ ಒಂದು ಮಳಿಗೆ ಕೊಟ್ಟರೆ ಬೀದರಕ್ಕೆ ಹೋಗುವ ಪ್ರತಿ ಬಸ್ಸಿನ ಕಿಟಕಿಯಿಂದಲೂ ಒಂದೊಂದು ಕೈ ಹೊರಗೆ ಬಂದೀತು.

ಮೂರನೇ ಹೆಜ್ಜೆ, ದಿನಪೂರ್ತಿ ಪ್ರವಾಸ. ಒಂದು ಭಾನುವಾರ ನೃಪತುಂಗನ ರಾಜಧಾನಿ ಮಳಖೇಡ, ಕಾಗಿಣಾ ನದಿಯ ದಂಡೆ. ಇನ್ನೊಂದು ಭಾನುವಾರ ಭೀಮಾ ದಂಡೆಯ ಸನ್ನತಿ. 1986ರಲ್ಲಿ ಅಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪ ಅಗೆದಾಗ ಅಶೋಕನ ಹೆಸರು ಕೆತ್ತಿದ ಆತನ ಚಿತ್ರಶಿಲೆಯೇ ಹೊರಬಂತು. ಶಾಲೆಯ ಪುಸ್ತಕದಲ್ಲಿ ಓದಿದ ಅಶೋಕ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಕಲ್ಲಾಗಿ ಸಿಕ್ಕ ಸುದ್ದಿ ನಮ್ಮ ಎಷ್ಟು ಮಕ್ಕಳಿಗೆ ಗೊತ್ತದೆ?

ಮೊದಲ ಟಿಕೆಟು ಯಾರಿಗೆ?

ರಾಜಧಾನಿಯಿಂದ ಬರುವ ಮಂತ್ರಿಗಳು, ದೊಡ್ಡ ಅಧಿಕಾರಿಗಳು ಇಳಿದುಕೊಳ್ಳುವುದು ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ. ನಿಜಾಮರ ಕಾಲದ ಕಟ್ಟಡ, ಹೆಸರಿನಲ್ಲೇ ರಾಜವೈಭವ. ಅವರ ಸಭೆ, ಅಹವಾಲು, ಪತ್ರಿಕಾಗೋಷ್ಠಿ ಎಲ್ಲ ಅಲ್ಲೇ. ಅಂಥವರಲ್ಲಿ ಒಬ್ಬರಾದರೂ ಒಂದು ಭಾನುವಾರ ಕಾರು ಬಿಟ್ಟು, ಈ ಸುತ್ತು ಬಸ್ಸಿನ ಮೊದಲ ಟಿಕೆಟು ಹರಿಸಿಕೊಂಡು ಕಿಟಕಿ ಪಕ್ಕ ಕೂತು ಊರು ನೋಡಲಿ. ಎಲ್ಲಿ ನೀರಿಲ್ಲ, ಎಲ್ಲಿ ಬೋರ್ಡಿಲ್ಲ, ಎಲ್ಲಿ ದಾರಿ ಇಲ್ಲ ಎಂಬುದು ಮೂರೂವರೆ ಗಂಟೆಯಲ್ಲಿ ತಿಳಿದುಹೋಗುತ್ತದೆ. ಅದಕ್ಕೆ ಸಮಿತಿ ಬೇಡ, ವರದಿ ಬೇಡ.

ಮೂರು ತಿಂಗಳು ಓಡಿಸಿ ನೋಡಲಿ. ಸೀಟು ತುಂಬದಿದ್ದರೆ ನಿಲ್ಲಿಸಲಿ, ನಾವು ಕೇಳುವುದಿಲ್ಲ. ಓಡಿಸದೆಯೇ "ಜನ ಬರೂದಿಲ್ರಿ" ಎನ್ನುವುದು ಮಾತ್ರ ಒಪ್ಪುವ ಮಾತಲ್ಲ. ಕಲಬುರಗಿಗೆ ಸಮುದ್ರ ತರುವುದು ಯಾವ ಸರಕಾರದ ಕೈಯಲ್ಲೂ ಆಗದ ಕೆಲಸ. ಒಂದು ಬಸ್ಸು ಬಿಡುವುದು ಆಗುವ ಕೆಲಸ. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.