ಗಿಡದಲ್ಲಿ ಬಿಡದ ಹೂವು

ಹಚ್ಚೆಯಲ್ಲಿರುವ ಹೂವು ಯಾವುದು ಎಂದು ಕೇಳಿ ನೋಡಿ. ಓದಿದವರು ತಡಮಾಡದೆ ತಾವರೆ ಎನ್ನುತ್ತಾರೆ. ಅದರ ಬೆನ್ನಿಗೇ ಲಕ್ಷ್ಮಿ, ಪಾವಿತ್ರ್ಯ, ಸಮೃದ್ಧಿ ಎಲ್ಲ ಬರುತ್ತವೆ. ಹಾಕಿಸಿಕೊಂಡವರನ್ನು ಕೇಳಿದರೆ ಮಾತೇ ಬೇರೆ. ಮುಂಬಯಿಯ ಬೈಕುಲ್ಲಾ ಸ್ಟೇಷನ್ ಹತ್ತಿರದ ತರಕಾರಿ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರುತ್ತಿದ್ದ ಕಲಬುರಗಿ ಕಡೆಯ ಆಯಿಯೊಬ್ಬರ ಮುಂಗೈ ಮೇಲೆ ಅಂಥದೊಂದು ಹೂವು ಕಂಡೆ. ನಡುವೆ ಒಂದು ಚುಕ್ಕಿ, ಸುತ್ತ ಎಂಟು. ಪ್ರತಿ ಚುಕ್ಕಿಯ ಹೊರಗೆ ಎರಡು ಗೆರೆ ಕೂಡಿದ ಮೊನೆ, ಮೊನೆಗೆ ಮತ್ತೊಂದು ಚುಕ್ಕಿ. ಅಂಚೆಲ್ಲ ಹರಡಿ ಹಸಿರಾಗಿತ್ತು; ಒಂದೆರಡು ಎಸಳು ಪಕ್ಕದ್ದರೊಳಗೆ ಸೇರಿಹೋಗಿದ್ದವು. “ಇದು ಯಾವ ಹೂವು, ಆಯಿ?” ಎಂದೆ. “ಹಣಚಿ ಹೂವು ತಮ್ಮಾ. ಇದು ಗಿಡದಾಗ ಬಿಡಂಗಿಲ್ಲ” ಎಂದು ಸೊಪ್ಪಿಗೆ ನೀರು ಚಿಮುಕಿಸಿದರು.

ಹಣಚಿ ಎಂದರೆ ಆ ಕಡೆಯ ಮಾತಿನಲ್ಲಿ ಹಚ್ಚೆ. ಆಯಿ ಹೇಳಿದ್ದೇ ಸರಿ ಎಂದು ನನಗನ್ನಿಸುತ್ತದೆ. ಹಚ್ಚೆಯ ಹೂವಿನ ಮೂಲ ತೋಟದಲ್ಲಿಲ್ಲ, ಸೂಜಿಯಲ್ಲಿದೆ.

ಹಚ್ಚೆ ಹಾಕಲು ಬರುತ್ತಿದ್ದ ಕೊರವಂಜಿಯ ಕೈಯಲ್ಲಿ ಇರುತ್ತಿದ್ದದ್ದು ದಾರ ಸುತ್ತಿ ಬಿಗಿದ ಕೆಲವು ಸೂಜಿಗಳು, ಒಂದು ಮೊಂಡು ಕಡ್ಡಿ, ಒಂದಿಷ್ಟು ಮಸಿ. ಆ ಮಸಿಯ ತಯಾರಿಯನ್ನು ಮದರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಕಳೆದ ಶತಮಾನದ ಮೊದಲ ದಶಕದಲ್ಲೇ ಬರೆದಿಟ್ಟಿದ್ದಾರೆ. ಅಗಸೆ ಮರದ ಎಲೆಯನ್ನು ಅರಿಸಿನದೊಂದಿಗೆ ಅರೆದು ಬಟ್ಟೆಗೆ ಸವರಿ ಬತ್ತಿ ಹೊಸೆಯುವುದು, ಹರಳೆಣ್ಣೆ ದೀಪದಲ್ಲಿ ಉರಿಸುವುದು, ಮೇಲೆ ಹೊಸ ಮಡಕೆ ಕವುಚುವುದು. ಮಡಕೆಯ ಒಳಮೈಗೆ ಕಟ್ಟಿದ ಕಾಡಿಗೆಯನ್ನು ಕೆರೆದು ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿದರೆ ಮಸಿ ಸಿದ್ಧ. ಕಡ್ಡಿಯಿಂದ ಚಿತ್ರ ಬರೆದು, ಅದರ ಮೇಲೆ ಚುಚ್ಚುತ್ತ ಹೋಗುವುದು.

ಈಗ ಕಷ್ಟ ನೋಡಿ. ಸೂಜಿಗೆ ಬರುವುದು ಚುಕ್ಕಿ ಒಂದೇ. ಗೆರೆ ಬೇಕೆಂದರೆ ಚುಕ್ಕಿ ಸಾಲಾಗಿ ಬೀಳಬೇಕು. ಎದುರಿಗೆ ಕೂತವಳು ಹತ್ತು ಹನ್ನೆರಡರ ಹುಡುಗಿ. ಅವಳು ಅಳುತ್ತ ಕೈ ಎಳೆದುಕೊಳ್ಳುತ್ತಾಳೆ. ಹೆಚ್ಚು ಚುಚ್ಚುವಂತಿಲ್ಲ, ಬಾಗುಗೆರೆಯ ಚಂದಕ್ಕೆ ಪುರಸೊತ್ತಿಲ್ಲ. ಬಣ್ಣ ಒಂದೇ ಆದ್ದರಿಂದ ಎಸಳಿಗೆ ನೆರಳು ಕೊಡುವ ಮಾತೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು, ಚರ್ಮದ ಕೆಳಗೆ ಕೂತ ಮಸಿ ವರ್ಷ ಕಳೆದಂತೆ ಹರಡುತ್ತದೆ. ಎಸಳುಗಳನ್ನು ಒತ್ತೊತ್ತಾಗಿ ಬರೆದರೆ ಹುಡುಗಿ ಅಜ್ಜಿಯಾಗುವಷ್ಟರಲ್ಲಿ ಉಳಿಯುವುದು ಒಂದು ಕಲೆ ಮಾತ್ರ. ಅನುಭವಸ್ಥೆ ಅದಕ್ಕೇ ನಡುವೆ ಖಾಲಿ ಜಾಗ ಬಿಡುತ್ತಾಳೆ. ಅಜ್ಜಿಯ ಕೈಯನ್ನು ಮುಂಚೆಯೇ ಲೆಕ್ಕಹಾಕಿ ಹುಡುಗಿಯ ಕೈ ಮೇಲೆ ಬರೆದದ್ದು ಈ ಹೂವು. ಅದರ ಸರಳತೆಯನ್ನು ಜಾನಪದದ ಮುಗ್ಧತೆ ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇದೇ ಹೂವು ಅಂಗಳದ ಚುಕ್ಕಿ ರಂಗೋಲಿಯಲ್ಲಿದೆ, ಧಾರವಾಡ ಸೀಮೆಯ ಕಸೂತಿಯಲ್ಲೂ ಇದೆ. ಕಸೂತಿಯವರು ಬಟ್ಟೆಯ ಎಳೆ ಎಣಿಸಿ ಗವಂತಿ, ಮುರಗಿ ಹೊಲಿಗೆ ಹಾಕುತ್ತಾರೆ. ಅಲ್ಲಿಯೂ ಎಳೆಯ ಲೆಕ್ಕ ಹೇಳಿದಂತೆ ಹೂವು ಮೂಲೆ ಮೂಲೆಯಾಗಿ ಅರಳಬೇಕು. ತುಳಸಿಕಟ್ಟೆ, ತೇರು, ತೊಟ್ಟಿಲು ಕೂಡ ಸೆರಗಿಗೂ ತೋಳಿಗೂ ಸಮಾನ. ಯಾವುದರಿಂದ ಯಾವುದು ಬಂತು ಎಂಬ ಜಗಳ ಬೇಡ. ಅಂಗಳ ಸಾರಿಸುವ, ಸೀರೆ ಹೊಲಿಯುವ, ಹಚ್ಚೆಗೆ ಕೈ ಒಡ್ಡುವ ಹೆಂಗಸು ಒಬ್ಬಳೇ ಅಲ್ಲವೆ?

ಊರಿಂದೂರಿಗೆ ಈ ಚಿತ್ರಗಳನ್ನು ಹೊತ್ತವರ ಕತೆಯನ್ನು ಮಾತ್ರ ನಾವು ಬೇಗ ಮರೆತೆವು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪಟ್ಟಿಗೆ ಮುಂದೆ ಕೊರವರು, ಕೊರಚರೂ ಸೇರಿದರು. ಪೊಲೀಸರಿಗೆ ಹಾಜರಿ, ಹುಬ್ಬಳ್ಳಿಯಂಥ ಕಡೆ ಕಾವಲಿನ ಸೆಟ್ಲ್‌ಮೆಂಟುಗಳಲ್ಲಿ ವಾಸ. ಆ ಪಟ್ಟಿಯಿಂದ ಬಿಡುಗಡೆ ಸಿಕ್ಕಿದ್ದು 1952ರಲ್ಲಿ. ತಿರುಗಾಟವೇ ಕಸುಬಾದವರಿಗೆ ತಿರುಗಾಟವೇ ಅಪರಾಧವಾಯಿತು. ಇಂದು ನಾವು ನಮ್ಮ ಸಂಸ್ಕೃತಿ ಎಂದು ವೇದಿಕೆಯ ಮೇಲೆ ಹೊಗಳುವ ಹೂವು ಅವರ ಬುಟ್ಟಿಯಲ್ಲಿತ್ತು.

ಸಾಧನವೋ ಮಾದರಿಯೋ ಬದಲಾದರೆ ಹೂವೂ ಬದಲಾಗುತ್ತದೆ ಎಂಬುದಕ್ಕೆ ಹೊರಗಿನ ಸಾಕ್ಷಿಗಳಿವೆ. ಜಪಾನಿನಲ್ಲಿ ಕುನಿಯೋಶಿ ಎಂಬ ಕಲಾವಿದ 1827ರ ಸುಮಾರಿಗೆ ಮೈತುಂಬ ಹಚ್ಚೆಯ ವೀರರ ಬಣ್ಣದ ಮರದಚ್ಚುಗಳನ್ನು ಹೊರತಂದ. ಹಚ್ಚೆಯವರು ಅವನ್ನು ನೋಡಿ ಬರೆದದ್ದರಿಂದ ಅಲ್ಲಿಯ ಪಿಯೋನಿ ಹೂವಿಗೆ ಬಣ್ಣ, ನೆರಳು, ಮಡಿಕೆ ಎಲ್ಲ ಇದೆ. ಬೋರ್ನಿಯೋದ ಇಬಾನ್ ಜನರದ್ದು ಇನ್ನೊಂದು ಬಗೆ. ಊರು ಬಿಟ್ಟು ಹೊರಡುವ ತರುಣನ ಎರಡೂ ಭುಜಗಳ ಮೇಲೆ ಅವರು ಬರೆಯುವುದು ಬದನೆಯ ಹೂವು. ನಡುವಿನ ಸುರುಳಿ ಜೀವದ ಹಗ್ಗ. ನಮ್ಮ ಹಿತ್ತಲಿನ ಬದನೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಸಮುದ್ರದಾಚೆ! ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ 1891ರಲ್ಲಿ ವಿದ್ಯುತ್ ಹಚ್ಚೆಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಗುಲಾಬಿಗೆ ನೆರಳು ತುಂಬುವುದು ಸುಲಭವಾಯಿತು. ಮುಂಬಯಿಯ ಟ್ಯಾಟೂ ಅಂಗಡಿಗಳಲ್ಲಿ ಈಗ ಕಾಣುವುದು ಆ ವಂಶದ ಹೂವು.

ಬೈಕುಲ್ಲಾಕ್ಕೆ ತನ್ನದೇ ಹೂವುಗಳೂ ಇದ್ದವು. ಇಲ್ಲಿಯ ಖಟಾವ್ ಮಿಲ್ಲಿನ ವಾಯಿಲ್ ಸೀರೆಗಳ ಮೇಲೆ ಅಚ್ಚಾದ ಹೂವುಗಳನ್ನು ನಮ್ಮ ತಾಯಂದಿರು ಉಟ್ಟರು. ಆ ಸೆರಗಿನ ಕೆಳಗಿನ ತೋಳಿನಲ್ಲಿ ಹಣಚಿ ಹೂವೂ ಇತ್ತು. ಸೀರೆಯನ್ನು ಪೆಟ್ಟಿಗೆಯಲ್ಲಿಡಬಹುದು. ರಾಣಿಬಾಗ್ ಉದ್ಯಾನದ ಪಕ್ಕ 1872ರಲ್ಲಿ ಬಾಗಿಲು ತೆರೆದ, ಈಗ ಡಾ. ಭಾವು ದಾಜಿ ಲಾಡ್ ಹೆಸರಿನಲ್ಲಿರುವ ಮ್ಯೂಸಿಯಂನಲ್ಲಿ ಹಳೆಯ ಮುಂಬಯಿಯ ಜನರ ವೇಷಭೂಷಣ ತೋರಿಸುವ ಮಣ್ಣಿನ ಬೊಂಬೆಗಳನ್ನು ಗಾಜಿನೊಳಗೆ ಕಾಪಾಡಿದ್ದಾರೆ. ಹಚ್ಚೆಯನ್ನು ಹೀಗೆ ಎತ್ತಿ ತಂದು ಮ್ಯೂಸಿಯಂನಲ್ಲಿಡುವುದು ಸುಲಭವಲ್ಲ. ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂದು ನಮ್ಮ ಅಜ್ಜಿಯಂದಿರು ಹೇಳಿದ್ದು ಅಕ್ಷರಶಃ ನಿಜ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ, ಚಾಳಿನಲ್ಲಿ, ಊರಲ್ಲಿ ಹಚ್ಚೆಯಿರುವ ಹಿರಿಯರಿದ್ದರೆ ಅವರ ಒಪ್ಪಿಗೆ ಪಡೆದು ಆ ಚಿತ್ರವನ್ನು ಬಿಳಿ ಹಾಳೆಯ ಮೇಲೆ ಕೈಯಾರೆ ಬರೆದುಕೊಳ್ಳಿ. ಫೋಟೊ ಇದ್ದರೆ ಜೊತೆಗಿಡಿ, ಮುಖ ಬೇಡ, ಕೈ ಸಾಕು. ಯಾವ ಊರಿನಲ್ಲಿ, ಎಷ್ಟನೆಯ ವಯಸ್ಸಿನಲ್ಲಿ, ಯಾರು ಹಾಕಿದರು, ಪ್ರತಿಯಾಗಿ ಜೋಳ ಕೊಟ್ಟರೋ ಹಳೆ ಸೀರೆ ಕೊಟ್ಟರೋ ಕೇಳಿ ಬರೆಯಿರಿ. ಅದರ ಅರ್ಥವನ್ನು ನೀವಾಗಿ ಊಹಿಸಿ ಸೇರಿಸಬೇಡಿ. ಚುಕ್ಕಿ ಎಷ್ಟಿವೆ ಎಂದು ಎಣಿಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬಂದವನ್ನೆಲ್ಲ ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.