ಕೀಲಿಕೈ ಯಾರ ಕೈಯಲ್ಲಿ?

ಮಹಾಪ್ರಬಂಧಗಳು, ಹಸ್ತಪ್ರತಿಗಳ ಛಾಯಾಪ್ರತಿಗಳು, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು ಇಂದು ಕಪಾಟುಗಳಿಂದ ಸರ್ವರ್‌ಗಳಿಗೆ ಸ್ಥಳಾಂತರಗೊಳ್ಳುತ್ತಿವೆ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸುವುದನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಲ್ಲಿಯೇ ಕಡ್ಡಾಯಗೊಳಿಸಿತು. ಈ ಹಿನ್ನೆಲೆಯಲ್ಲಿ ಕನ್ನಡ ವಿದ್ವತ್ ವಲಯದಲ್ಲಿ ನಡೆದ ಚರ್ಚೆ ಬಹುಪಾಲು ಅಕ್ಷರವಿನ್ಯಾಸ ಹಾಗೂ ಯೂನಿಕೋಡ್‌ಗೆ ಸೀಮಿತವಾಗಿದೆ. ಭಂಡಾರದ ಬಾಗಿಲು ತೆರೆಯುವ ಖಾತೆ ಯಾರ ಹಿಡಿತದಲ್ಲಿರಬೇಕು ಎಂಬ ಪ್ರಶ್ನೆಯನ್ನು ತಾಂತ್ರಿಕ ವಿವರವೆಂದು ಬದಿಗಿರಿಸಲಾಗಿದೆ. ವಾಸ್ತವವಾಗಿ ಅದು ಅಧಿಕಾರದ ಪ್ರಶ್ನೆ. ಗುಪ್ತಪದ ಮರೆತ ಅಧ್ಯಾಪಕರೊಬ್ಬರು ರಜೆಯಲ್ಲಿರುವ ತಂತ್ರಜ್ಞನಿಗಾಗಿ ವಾರಗಟ್ಟಲೆ ಕಾಯಬೇಕಾದರೆ, ತಾಳೆಗರಿಗಳ ಕೋಣೆಯ ಬೀಗದ ಕೈ ಒಬ್ಬರ ಸೊಂಟದಲ್ಲಿದ್ದ ಕಾಲಕ್ಕೂ ಇಂದಿಗೂ ವ್ಯತ್ಯಾಸವೇನು?

ಈ ಸಮಸ್ಯೆಗೆ ಗಣಕಲೋಕ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಹಂಚಿಕೊಂಡು ಬಳಸುವ ಗಣಕವ್ಯವಸ್ಥೆ ರೂಪುಗೊಂಡಾಗ ಪ್ರತಿಯೊಬ್ಬರಿಗೂ ಗುಪ್ತಪದ ನೀಡಲಾಯಿತು. ಒಮ್ಮೆ ದೋಷವೊಂದರಿಂದಾಗಿ ಎಲ್ಲರ ಗುಪ್ತಪದಗಳೂ ಎಲ್ಲರ ಟರ್ಮಿನಲ್‌ನಲ್ಲಿ ಪ್ರಕಟಗೊಂಡವು. ಗುಪ್ತಪದಗಳನ್ನು ಇದ್ದಂತೆಯೇ ಕೂಡಿಡುವುದರ ಅಪಾಯ ಅಲ್ಲಿ ಸ್ಪಷ್ಟವಾಯಿತು. ಮುಂದೆ ಬಂದ ಯೂನಿಕ್ಸ್ ವ್ಯವಸ್ಥೆಯು ಗುಪ್ತಪದವನ್ನು ಮರಳಿ ಓದಲಾಗದ ರೂಪಕ್ಕೆ ಪರಿವರ್ತಿಸಿ ಇಟ್ಟಿತು. ಅದಕ್ಕಿಂತ ಗಮನಾರ್ಹವಾದುದು ಅದರ ‘ಪಾಸ್‌ವ್ಡ್’ ಎಂಬ ಆದೇಶ. ಖಾತೆಗಳ ಕಡತವನ್ನು ತಿದ್ದುವ ಅಧಿಕಾರ ಸಾಮಾನ್ಯ ಬಳಕೆದಾರನಿಗಿಲ್ಲ. ಆದರೆ ಈ ಆದೇಶದ ಮೂಲಕ ಅವನು ತನ್ನ ಗುಪ್ತಪದವನ್ನು ತಾನೇ ಬದಲಾಯಿಸಿಕೊಳ್ಳಬಲ್ಲ. ಸ್ವಸೇವೆಯ ತತ್ತ್ವವೆಂದರೆ ಇದೇ: ಭಂಡಾರವನ್ನು ಒಪ್ಪಿಸುವುದಲ್ಲ, ಅವರವರ ಸಾಲನ್ನು ಅವರವರಿಗೆ ಬಿಟ್ಟುಕೊಡುವುದು.

ಇದರಿಂದ ಸುರಕ್ಷತೆಗೆ ಧಕ್ಕೆಯಾಗುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಪರಿಶೀಲಿಸಬೇಕು. ತಂತ್ರಜ್ಞ ದೂರವಾಣಿಯಲ್ಲಿ ಹೇಳಿದ ಗುಪ್ತಪದ ಆ ಕ್ಷಣದಲ್ಲಿಯೇ ಇಬ್ಬರಿಗೆ ತಿಳಿದಿರುತ್ತದೆ. ನೋಂದಾಯಿತ ವಿಳಾಸಕ್ಕೆ ಹೋಗುವ, ಒಮ್ಮೆ ಮಾತ್ರ ಬಳಸಬಹುದಾದ, ಅಲ್ಪಾವಧಿಯ ಕೊಂಡಿ ಅದಕ್ಕಿಂತ ಸುರಕ್ಷಿತ. ಆದರೆ ಆ ವಿಳಾಸ ವರ್ಗಾವಣೆ ಅಥವಾ ನಿವೃತ್ತಿಯೊಂದಿಗೆ ರದ್ದಾಗುವಂತಿದ್ದರೆ ಕೊಂಡಿ ವ್ಯರ್ಥ. ಎರಡನೆಯ ವಿಳಾಸವನ್ನು ನಮೂದಿಸುವ ಅವಕಾಶ ಇರಲೇಬೇಕು. ಬಾಲ್ಯದ ಸಾಕುಪ್ರಾಣಿಯ ಹೆಸರು ಕೇಳುವಂಥ ಪ್ರಶ್ನೆಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ಕಾರಣವಿಲ್ಲದೆ ಆಗಾಗ ಗುಪ್ತಪದ ಬದಲಿಸಬೇಕೆಂಬ ಕಟ್ಟಳೆಯೂ ಬೇಡವೆಂದಿತು. ಹಸ್ತಪ್ರತಿ ಸೂಚಿಯನ್ನು ಯಾರು ತಿದ್ದಬಹುದು, ಯಾವ ಪ್ರಬಂಧ ಪ್ರಕಟವಾಗಬೇಕು ಎಂಬ ನಿರ್ಣಯಗಳು ಮಾತ್ರ ಸಂಸ್ಥೆಯಲ್ಲಿಯೇ ಉಳಿಯತಕ್ಕದ್ದು.

ಕನ್ನಡದ ವಿಶಿಷ್ಟ ಸಮಸ್ಯೆ ಆರಂಭವಾಗುವುದು ಇದರ ನಂತರ. ಖಾತೆಯ ನಮೂನೆಗಳು ಮೊದಲ ಹೆಸರು, ಕುಲನಾಮ ಎಂಬ ಪಾಶ್ಚಾತ್ಯ ವಿಭಜನೆಯನ್ನು ಹೇರುತ್ತವೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಹೆಸರುಗಳು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಪರಿಣಾಮವಾಗಿ ಒಬ್ಬರೇ ಲೇಖಕರು ಸೂಚಿಯಲ್ಲಿ ಇಬ್ಬರಾಗುತ್ತಾರೆ. ತಮ್ಮ ಹೆಸರನ್ನು ತಾವೇ ಕನ್ನಡದಲ್ಲಿ ತಿದ್ದಿಕೊಳ್ಳುವ ಅವಕಾಶ ಈ ದೃಷ್ಟಿಯಿಂದ ಕೇವಲ ಸೌಕರ್ಯವಲ್ಲ, ಕರ್ತೃತ್ವದ ಹಕ್ಕು.

ಲಿಪಿಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ಕೋ’ ಎಂಬಲ್ಲಿನ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಎರಡು ಕೀಲಿಮಣೆಗಳು ಭಿನ್ನ ಕ್ರಮ ಅನುಸರಿಸಿದರೆ ಕನ್ನಡದ ಸರಿಯಾದ ಗುಪ್ತಪದವೂ ತಪ್ಪೆನಿಸಿಕೊಳ್ಳುತ್ತದೆ. ಹೋಲಿಸುವ ಮುನ್ನ ಇಂಥ ರೂಪಗಳನ್ನು ಏಕರೂಪಗೊಳಿಸಬೇಕೆಂದು 2017ರ ಅಂತರ್ಜಾಲ ಮಾನಕ ಆರ್‌ಎಫ್‌ಸಿ 8265 ವಿಧಿಸುತ್ತದೆ. ಪರಿಹಾರ ಸಿದ್ಧವಿದೆ, ಅದನ್ನು ಕೇಳಿ ಪಡೆಯುವವರು ಬೇಕಾಗಿದ್ದಾರೆ.

ಆದ್ದರಿಂದ ಖಾತೆಯ ಪುಟವನ್ನು ತಂತ್ರಜ್ಞರಿಗೆ ಮಾತ್ರ ಬಿಟ್ಟು ಕನ್ನಡ ವಿಭಾಗಗಳು ಸುಮ್ಮನಿರಲಾಗದು. ಅದರ ಪರಿಭಾಷೆ, ಹೆಸರಿನ ನಮೂನೆ, ದೋಷಸೂಚನೆಯ ವಾಕ್ಯಗಳನ್ನು ವಿಭಾಗಗಳೇ ರೂಪಿಸಿ, ಸರ್ವರ್ ಕೊಳ್ಳುವ ಮುನ್ನವೇ ಕರಾರಿನಲ್ಲಿ ಸೇರಿಸಬೇಕು. ಗ್ರಂಥಸಂಪಾದನೆಯಲ್ಲಿ ಒಂದು ಅಕ್ಷರದ ಪಾಠಾಂತರಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದ ಪರಂಪರೆಗೆ ಈ ಎಚ್ಚರ ಹೊಸದೇನಲ್ಲ. ಭಂಡಾರ ಕನ್ನಡದ್ದಾದರೆ ಸಾಲದು. ಅದರ ಬಾಗಿಲೂ ಕನ್ನಡದಲ್ಲಿ ತೆರೆಯಬೇಕು.