‘ಹೊಂದಿಕೊಳ್ಳದವರು’ ಎಂಬ ಆಕ್ಷೇಪ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲಸಿರುವ ಟಿಬೆಟನ್ನರ ವಿಷಯದಲ್ಲಿ ಒಂದು ಆಕ್ಷೇಪವು ಆಗಾಗ್ಗೆ ಕೇಳಿಬರುತ್ತಿರುವುದು. ಈ ಜನರು ಬಂದು ಅರುವತ್ತು ವರ್ಷಗಳು ಮೀರಿದುವು. ಆದರೂ ಅವರ ಉಡುಪು ಬೇರೆ, ನುಡಿ ಬೇರೆ, ಹಬ್ಬ ಬೇರೆ. ಈ ನೆಲದ ಅನ್ನವನ್ನುಂಡೂ ಅವರು ಈ ನೆಲದವರಾಗಲಿಲ್ಲ ಎಂಬುದೇ ಆ ಆಕ್ಷೇಪ. ಇದು ಜಗುಲಿಯ ಹರಟೆಯ ಮಾತಾಗಿದ್ದರೆ ಉತ್ತರ ಹೇಳುವ ಅಗತ್ಯವಿರಲಿಲ್ಲ. ವಿದ್ಯಾವಂತರೂ ಇದನ್ನೇ ಗಂಭೀರವಾಗಿ ನುಡಿಯುತ್ತಿರುವುದರಿಂದ ಇದರಲ್ಲಿರುವ ತಿರುಳೆಷ್ಟು, ಹೊಟ್ಟೆಷ್ಟು ಎಂಬುದನ್ನು ನೋಡುವುದು ಅವಶ್ಯವಾಗಿದೆ.

1959ರಲ್ಲಿ ದಲಾಯಿ ಲಾಮಾ ಅವರನ್ನು ಹಿಂಬಾಲಿಸಿ ಹಿಮಾಲಯವನ್ನು ದಾಟಿದ ಸಾವಿರಾರು ಜನರಲ್ಲಿ ಅನೇಕರು ಮೊದಲು ಉತ್ತರದ ಬೆಟ್ಟಗಳಲ್ಲಿ ರಸ್ತೆಯ ಕೂಲಿಗಳಾಗಿ ಕಲ್ಲೊಡೆದರು. ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಲು, 1960–61ರಲ್ಲಿ ಅವರ ಮೊದಲ ತಂಡಗಳು ಇಲ್ಲಿಗೆ ಬಂದುವು. ಭೂಮಿಯೆಂದರೆ ಉತ್ತು ಹದಮಾಡಿದ ಹೊಲವಲ್ಲ, ಕಾಡು. ಚಮರೀಮೃಗವನ್ನೂ ಬಾರ್ಲಿಯನ್ನೂ ಬಲ್ಲ ಶೀತದೇಶದ ಒಕ್ಕಲು, ಬಿದಿರಿನ ಗುಡಿಸಲುಗಳಲ್ಲಿ ಮಲಗಿ, ಬಿಸಿಲಿಗೆ ಬೆಂದು, ಜ್ವರಕ್ಕೆ ಬಲಿಯಾಗಿ, ರಾತ್ರಿಯಲ್ಲಿ ಆನೆಗಳನ್ನು ಬೆದರಿಸುತ್ತ ಆ ಕಾಡನ್ನು ಕಡಿಯಿತು. ಮುಂಗಾರು ಎಂದು ಬರುವುದು, ಯಾವ ಹದದಲ್ಲಿ ಬೀಜ ಬೀಳಬೇಕು ಎಂಬುದನ್ನೆಲ್ಲ ಹೊಸದಾಗಿ ಕಲಿತು ಮುಸುಕಿನ ಜೋಳವನ್ನು ಬೆಳೆಯಿತು. ಸುಗ್ಗಿ ತೀರಿದ ಮೇಲೆ ಹೊಟ್ಟೆಗೆ ಸಾಲದೆಂದು ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರಿತು. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆಯನ್ನು ಬಲ್ಲ ನಾಡಿನಲ್ಲಿ ಇದಕ್ಕಿಂತ ಹೆಚ್ಚಿನ ಹೊಂದಿಕೆಯನ್ನು ಯಾರು ಕೇಳಬಹುದು? ಕುಶಾಲನಗರದ ಅಂಗಡಿಗಳಲ್ಲಿ ಒಮ್ಮೆ ನಿಂತು ಕೇಳಿದವರಿಗೆ, ಕನ್ನಡದಲ್ಲಿ ಚೌಕಾಸಿ ಮಾಡುವ ಟಿಬೆಟನ್ ಮುದುಕಿಯು ಅಪರೂಪದ ನೋಟವಲ್ಲ. ಚೌಕಾಸಿಯನ್ನು ಕಲಿತ ಮೇಲೆ ಭಾಷೆಯಲ್ಲಿ ಉಳಿದುದು ವ್ಯಾಕರಣವೊಂದೇ ಅಷ್ಟೆ!

ಪ್ರತ್ಯೇಕವಾಗಿ ಉಳಿದಿರುವರೆಂಬುದು ನಿಜ. ಆದರೆ ಆ ಪ್ರತ್ಯೇಕತೆಯು ಅವರ ಹಟದಿಂದ ಹುಟ್ಟಿದುದೆಂಬ ಭಾವನೆಯು ಸರಿಯಲ್ಲ. ತಮ್ಮ ನಾಡಿನಲ್ಲಿ ಅಳಿವಿಗೆ ಸಿಕ್ಕಿದ್ದ ಭಾಷೆಯೂ ಧರ್ಮವೂ ಇಲ್ಲಿಯಾದರೂ ಬದುಕಲೆಂದು, ಬೇರೆ ಬೇರೆ ಚೆದರಿಸದೆ ಒಂದೆಡೆಯಲ್ಲಿ ನೆಲಸಗೊಳಿಸುವ ಯೋಜನೆಯನ್ನು ಭಾರತ ಸರಕಾರವೇ ಒಪ್ಪಿ ನಡೆಸಿತು. ಟಿಬೆಟನ್ ಮಕ್ಕಳಿಗೆ ಪ್ರತ್ಯೇಕ ಶಾಲೆಗಳ ಕೇಂದ್ರ ಆಡಳಿತವು ಏರ್ಪಟ್ಟುದು 1961ರಲ್ಲಿ. 1969ರಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಮುಂಡಗೋಡಿನಲ್ಲಿಯೂ, ಅನಂತರ ಸೆರಾ ಮಠವು ಬೈಲಕುಪ್ಪೆಯಲ್ಲಿಯೂ ಮರಳಿ ತಲೆಯೆತ್ತಿದುದು ಈ ಯೋಜನೆಯ ಫಲವೇ. ಬೇಲಿಯನ್ನು ಇಬ್ಬರೂ ಕೂಡಿ ಹಾಕಿ, ಒಳಗಿರುವವನನ್ನು ಮಾತ್ರ ಬೇಲಿಗಾಗಿ ದೂಷಿಸುವುದು ಯಾವ ನ್ಯಾಯ? ಇನ್ನು, ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧಮೂರ್ತಿಗಳನ್ನು ನೋಡಲು ರಜಾದಿನಗಳಲ್ಲಿ ಸಾಲುಗಟ್ಟುವವರು, ಅದೇ ಜನರು ಬೇರೆಯಾಗಿ ಉಳಿದರೆಂದು ಮರುದಿನ ಗೊಣಗುವುದು ವಿನೋದವೇ ಸರಿ.

ಕನ್ನಡಿಗರು ಹೊರಗೆ ಹೋದಾಗ ಮಾಡುವುದೇನು? ಮುಂಬಯಿಯ ಮಾತುಂಗದಲ್ಲಿ 1926ರಲ್ಲಿಯೇ ಮೈಸೂರು ಅಸೋಸಿಯೇಷನ್ ಹುಟ್ಟಿತು. ಅಮೆರಿಕದ ಊರೂರುಗಳಲ್ಲಿ ಕನ್ನಡ ಕೂಟಗಳುಂಟು. ಅಲ್ಲಿ ಯುಗಾದಿಗೆ ಬೇವುಬೆಲ್ಲ ಹಂಚುವರು, ಭಾನುವಾರ ಮಕ್ಕಳಿಗೆ ಅಕ್ಷರ ತಿದ್ದಿಸುವರು. ಅದನ್ನು ನಾಡಾಭಿಮಾನವೆಂದು ಇಲ್ಲಿಯ ಪತ್ರಿಕೆಗಳು ಕೊಂಡಾಡುವುವು. ಲೋಸರ್ ಹಬ್ಬದಲ್ಲಿ ಬೈಲಕುಪ್ಪೆಯ ತಾಯಿಯು ಮಗಳಿಗೆ ಚುಪಾ ಉಡಿಸಿದರೆ ಅದು ಮಾತ್ರ ಹೊಂದಿಕೊಳ್ಳದ ಮೊಂಡುತನವಾಗುವುದು ಹೇಗೆ?

ವಾಸ್ತವವಾಗಿ ಹೊಂದಿಕೆಗೆ ಅಡ್ಡಿಯಾಗಿರುವುದು ಉಡುಪಲ್ಲ, ಕಾಗದ. ಇಲ್ಲಿ ಹುಟ್ಟಿ, ಇಲ್ಲಿ ಓದಿ, ಇಲ್ಲಿಯೇ ಮುದುಕರಾಗುತ್ತಿರುವವರಲ್ಲಿ ಬಹು ಮಂದಿ ಇಂದಿಗೂ ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರು; ಕಾಲಕಾಲಕ್ಕೆ ನೋಂದಣಿಪತ್ರವನ್ನು ಹೊಸದು ಮಾಡಿಸುತ್ತಿರಬೇಕಾದವರು. 1939 ಮತ್ತು 1946ರ ವಿದೇಶೀಯರ ಕಾನೂನುಗಳು ಹೋಗಿ 2025ರಲ್ಲಿ ಹೊಸ ಕಾನೂನು ಬಂದಿತು. ಅವರ ಹೆಸರು ಮಾತ್ರ ಬದಲಾಗಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಪ್ರಜೆಗಳೆಂದು ಪೌರತ್ವದ ಕಾನೂನೇ ಹೇಳುವುದು. ಅದರಂತೆ, ಟಿಬೆಟಿನಲ್ಲಿ ಹುಟ್ಟಿ ವಿದೇಶೀಯರಾಗಿಯೇ ಉಳಿದ ತಂದೆತಾಯಿಗಳಿಗೆ 1986ರಲ್ಲಿ ಹುಟ್ಟಿದ ಅಣ್ಣನು ಭಾರತೀಯ, 1988ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ತಮ್ಮನು ಪರದೇಶಿ. ಅಣ್ಣನಿಗಾದರೂ ಹಕ್ಕು ಸುಲಭವಾಗಿ ಕೈಗೆ ಬಂದಿತೇ? ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿಯೂ ಎತ್ತಿ ಹೇಳಬೇಕಾಯಿತು. ಅದಾದ ಮೇಲೂ, 2017ರಲ್ಲಿ ರಹದಾರಿಯನ್ನು ಬೇಡಿದವರಿಗೆ, ನಿಗದಿತ ಟಿಬೆಟನ್ ನೆಲೆಗಳಲ್ಲಿ ವಾಸಿಸಕೂಡದೆಂಬ ನಿಬಂಧನೆಯನ್ನು ಸರಕಾರವು ಮುಂದಿಟ್ಟಿತು. ಪ್ರಜೆಯಾಗಬೇಕಾದರೆ ಅಜ್ಜನು ಕಾಡು ಕಡಿದು ಕಟ್ಟಿದ ಮನೆಯನ್ನು ಬಿಡು ಎಂದಂತಾಯಿತು!

ಪೌರತ್ವವನ್ನು ಪಡೆದರೆ ಸ್ವದೇಶದ ಹಂಬಲವು ಸತ್ತುಹೋಗುವುದೆಂದು ಅವರಲ್ಲಿಯೇ ಕೆಲವರು ಅಂಜುವರು. ಆ ಅಂಜಿಕೆಯು ಗೌರವಕ್ಕೆ ಅರ್ಹವಾದುದು. ಅದನ್ನು ತೀರ್ಮಾನಿಸಿಕೊಳ್ಳಬೇಕಾದವರು ಅವರೇ. ಆದರೆ ಆರಿಸಿಕೊಳ್ಳುವ ಬಾಗಿಲನ್ನು ಹೊರಗಿನಿಂದ ಮುಚ್ಚಿಟ್ಟು, ಒಳಗೆ ಬರಲಿಲ್ಲವೇಕೆಂದು ಕೇಳುವವರಿಗೆ ಆ ಅಂಜಿಕೆಯನ್ನು ನೆವವಾಗಿ ಹಿಡಿಯುವ ಅಧಿಕಾರವಿಲ್ಲ.

ಈ ನಡುವೆ ತರುಣರು ಯೂರೋಪಿಗೂ ಅಮೆರಿಕಕ್ಕೂ ಕೆನಡಾಕ್ಕೂ ಹೊರಟುಹೋಗುತ್ತಿರುವರು. ಎಷ್ಟೋ ಮನೆಗಳಲ್ಲಿ ಮುದುಕರೇ ಉಳಿದಿರುವರು. ಮುಸುಕಿನ ಜೋಳದ ಹೊಲಗಳು ಅವರವಲ್ಲ, ಸರಕಾರದವು. ಗುತ್ತಿಗೆಯ ಕರಾರುಗಳನ್ನು 20 ವರ್ಷಗಳ ಅವಧಿಗೆ ಬರೆದುಕೊಡಬೇಕೆಂದು 2014ರ ಪುನರ್ವಸತಿ ನೀತಿಯು ರಾಜ್ಯಗಳಿಗೆ ಸೂಚಿಸಿತು. ಅರುವತ್ತು ವರ್ಷ ಉತ್ತವನಿಗೆ ಇಪ್ಪತ್ತು ವರ್ಷದ ಕರಾರು! ಟಿಬೆಟನ್ನರು ಈ ಮಣ್ಣಿಗೆ ಹೊಂದಿಕೊಳ್ಳಲಿಲ್ಲವೆನ್ನುವ ಮಹನೀಯರು ಇನ್ನೊಮ್ಮೆ ಆ ಮಾತನ್ನೆತ್ತುವ ಮೊದಲು, ಆ ಮಣ್ಣಿನ ಪಹಣಿಯಲ್ಲಿ ಯಾರ ಹೆಸರಿದೆಯೆಂಬುದನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಬರಲಿ.